ಪೂಜಾರರ ಮನೆಯ ಹೊಸ್ತಿಲು

ನಾನು ಸೊಸೆಯಾಗಿ ಹೋದ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಹುಟ್ಟಿರಲಿಲ್ಲ, ಯಾರೂ ಸತ್ತಿರಲಿಲ್ಲ. ಹಾಗೆಂದು ಅದೇನೂ ಹೊಸ ಮನೆಯಲ್ಲ. ಜವಳಗಿರಿಯಿಂದ ಗುಮ್ಮಳಾಪುರದ ಕಡೆಗೆ ಹೋಗುವ ದಾರಿಯಲ್ಲಿದ್ದ ಆ ಊರಿನಲ್ಲಿ ಅದಕ್ಕಿಂತ ಹಳೆಯದೆಂದರೆ ಅದರ ಗೋಡೆಗೆ ಅಂಟಿಕೊಂಡಿದ್ದ ಗುಡಿ ಒಂದೇ. ಗುಡಿಯ ಪೂಜೆ ಮಾಡುವವರಿಗಾಗಿಯೇ ಕಟ್ಟಿದ್ದರಿಂದ ಊರವರು ಅದನ್ನು ಪೂಜಾರರ ಮನೆ ಎನ್ನುತ್ತಿದ್ದರು. ನಾವು ಉತ್ತು ಬಿತ್ತುತ್ತಿದ್ದ ಹೊಲ ನಮ್ಮದು. ಮನೆ ಮಾತ್ರ ದೇವರದು. ಅದರಲ್ಲಿ ನಾವು ಇದ್ದೆವು, ಅಷ್ಟೆ.

ಆ ಮನೆ ಯಾಕೆ ಕಟ್ಟಿದರು ಅನ್ನುವುದನ್ನು ನನಗೆ ಹೇಳಿದವಳು ನನ್ನ ಗಂಡನ ಅಜ್ಜಿ, ಮಾವನ ತಾಯಿ. ಹಿಂದೆ ಪೂಜಾರರು ಊರಾಚೆ ಹೊಲದ ಗುಡಿಸಲಲ್ಲಿ ಇದ್ದರಂತೆ. ಬೆಳಗಿನ ನೈವೇದ್ಯ ದೇವರಿಗೆ ಮಧ್ಯಾಹ್ನ ತಲುಪುತ್ತಿತ್ತು. ಕೇಳಿದರೆ ದಾರಿಯಲ್ಲಿ ಆನೆ ನಿಂತಿತ್ತು ಎನ್ನುವರು. ಕಾಡು ಕೂಗಳತೆಯಲ್ಲಿರುವಾಗ ಅದನ್ನು ಸುಳ್ಳು ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಮಳೆ ಬಂದರೂ ಆನೆ, ನಿದ್ದೆ ಬಂದರೂ ಆನೆ. ಕೊನೆಗೆ ಆಗಿನ ಪಾಳೇಗಾರ ಬೇಸತ್ತು, ಗುಡಿಯ ಗೋಡೆಗೇ ಸೇರಿಸಿ ಒಂದು ಮನೆ ಕಟ್ಟಿಸಿ, ಪೂಜಾರಪ್ಪನನ್ನು ಹೆಂಡತಿ ಮಕ್ಕಳ ಸಮೇತ ಒಳಗೆ ಕಳಿಸಿದನಂತೆ. "ಇನ್ನ ಯಾವ ಆನೆ ಅಡ್ಡ ಬತ್ತದೋ ನೋಡ್ತೀನಿ ಅಂದ್ನಂತೆ ಕಣವ್ವ," ಎಂದು ಅಜ್ಜಿ ಕಥೆ ಮುಗಿಸುತ್ತಿದ್ದಳು. ನಮ್ಮ ಮನೆತನಕ್ಕೆ ಆ ಮನೆ ಬಂದದ್ದು ಭಕ್ತಿಯಿಂದಲ್ಲ, ಸೋಮಾರಿತನದಿಂದ ಎಂದು ಹೇಳಿಕೊಳ್ಳಲು ಅವಳಿಗೆ ಏನೂ ನಾಚಿಕೆಯಿರಲಿಲ್ಲ.

ಕಲ್ಲಿನ ತಳಪಾಯ, ದಪ್ಪನೆಯ ಮಣ್ಣಿನ ಗೋಡೆ, ಮೇಲೆ ಮಣ್ಣು ಮೆತ್ತಿದ ಮಾಳಿಗೆ. ಇದ್ದದ್ದು ಎರಡೇ ಬಾಗಿಲು. ಒಂದು ಅಂಗಳಕ್ಕೆ, ಅದು ನಮಗೆ. ಇನ್ನೊಂದು ಗುಡಿಯೊಳಕ್ಕೆ, ಅದರಲ್ಲಿ ನೈವೇದ್ಯ ಹಿಡಿದ ಪೂಜಾರಿ ಬಿಟ್ಟರೆ ಬೇರೆ ಯಾರೂ ಓಡಾಡುವ ಹಾಗಿಲ್ಲ. ಅಡುಗೆಮನೆಯಲ್ಲೂ ಎರಡು ಒಲೆ, ಒಂದು ದೇವರದು, ಒಂದು ನಮ್ಮದು. ದೇವರ ಒಲೆ ಚೆನ್ನಾಗಿ ಉರಿಯುತ್ತಿತ್ತು. ನಮ್ಮದು ಬರೀ ಹೊಗೆ. ಎಷ್ಟೋ ದಿನ ಕಣ್ಣುಜ್ಜಿಕೊಳ್ಳುತ್ತ, ಒಂದು ಸಲ ಹುರುಳಿಕಾಳನ್ನು ಆ ಕಡೆ ಇಟ್ಟುಬಿಡೋಣ ಅನ್ನಿಸಿದ್ದುಂಟು. ಇಡಲಿಲ್ಲ. ಮಾವನಿಗೆ ಮೂಗು ಚುರುಕು.

ದೇವರ ಅಡುಗೆ ಆಗುವ ಮನೆಯಾದ್ದರಿಂದ ಅಲ್ಲಿ ಮೈಲಿಗೆ ಆಗಬಾರದು ಎನ್ನುವುದು ಪಾಳೇಗಾರನ ಕಾಲದಿಂದ ಬಂದ ಕಟ್ಟು. ಬಸುರಿಯರು ಹೆರಿಗೆಗೆ ತವರಿಗೆ ಹೋಗಬೇಕು, ಇಲ್ಲ ಅಂಗಳದಾಚೆಯ ಹೊರಮನೆಗೆ ಹೋಗಬೇಕು. ಹೊರಮನೆ ಅಂದರೆ ಹುಲ್ಲು ಹೊದಿಸಿದ ಒಂದೇ ಕೋಣೆ, ಪಕ್ಕದಲ್ಲಿ ಹುಲ್ಲಿನ ಮೆದೆ. ತಿಂಗಳಿಗೆ ಮೂರು ದಿನ ಹೆಂಗಸರು ಅಲ್ಲಿ ಕೂರಬೇಕು. ಸಾಯುವವರನ್ನೂ ಅಲ್ಲಿಗೇ ಒಯ್ಯಬೇಕು, ಜೀವ ಇರುವಾಗಲೇ. ಒಳಗೆ ಯಾರಾದರೂ ಸತ್ತರೆ ದೇವರ ಒಲೆ ಒಡೆದು ಹೊಸದು ಹಾಕಬೇಕು, ಮಡಕೆಗಳನ್ನೆಲ್ಲ ಎಸೆಯಬೇಕು, ಪೂಜೆಗೆ ಬೇರೆ ಊರಿನವರನ್ನು ಕರೆಸಬೇಕು. ಹಾಗೆ ಯಾವ ಪೂಜಾರಿಯ ಕಾಲದಲ್ಲೂ ಆಗಿರಲಿಲ್ಲ. ನನ್ನ ಮಾವನಿಗೆ ಹೆಮ್ಮೆ ಪಡಲು ಇದ್ದ ಸಂಗತಿಗಳಲ್ಲಿ ಅದೂ ಒಂದು. ಇನ್ನೊಂದು ನನಗೆ ಗೊತ್ತಿಲ್ಲ.

ಸಾಯುವವರನ್ನು ಹೊರಕ್ಕೆ ಎತ್ತಿದ ಕೂಡಲೇ ಮನೆಯ ಯಜಮಾನ ಅಂಗಳದ ಬಾಗಿಲಿನ ಹೊಸ್ತಿಲಿಗೆ ಒಂದು ಕಬ್ಬಿಣದ ಮೊಳೆ ಹೊಡೆಯುತ್ತಿದ್ದ. ಹೋದವರು ತಿರುಗಿ ಬರಬಾರದು ಅಂತ. ಬೇರೆ ಮನೆಗಳಲ್ಲಿ ಹೆಣ ಹೋದ ಮೇಲೆ ಹೊಡೆಯುತ್ತಾರೆ. ನಮ್ಮ ಮನೆಯೊಳಗೆ ಹೆಣವೇ ಇರುತ್ತಿರಲಿಲ್ಲವಲ್ಲ, ಆದ್ದರಿಂದ ಮೊದಲೇ ಹೊಡೆಯುವುದು. ಮೊಳೆ ಬಿದ್ದ ಮೇಲೆ ಆ ಮನುಷ್ಯ ಹೊಸ್ತಿಲು ದಾಟಿದರೆ ಅವನ ಹಿಂದೆಯೇ ಸಾವೂ ಒಳಗೆ ಬರುತ್ತದೆ, ಬಂದದ್ದು ಮನೆಯಲ್ಲಿ ಎಳೆಯದನ್ನು ಹುಡುಕುತ್ತದೆ ಅನ್ನುವ ನಂಬಿಕೆ. ಕರಿಮತ್ತಿ ಮರದ ಆ ಹೊಸ್ತಿಲಲ್ಲಿ ಮೊಳೆಗಳು ಸಾಲಾಗಿ ಇದ್ದವು. ಹಳೆಯವು ಮರದೊಳಗೆ ಇಳಿದು ಬರೀ ತುಕ್ಕಿನ ಚುಕ್ಕೆ ಆಗಿದ್ದವು. ಮದುವೆಯಾಗಿ ಬಂದ ಹೊಸದರಲ್ಲಿ ಹೊಸ್ತಿಲಿಗೆ ಅರಿಸಿನ ಹಚ್ಚುತ್ತಿದ್ದಾಗ ಅಜ್ಜಿ ಪಕ್ಕದಲ್ಲಿ ಕೂತು ಬೆರಳಿಟ್ಟು ಪರಿಚಯ ಮಾಡಿಕೊಟ್ಟಳು. "ಇವ್ರು ನಮ್ಮ ಮಾವ. ಇದು ಅತ್ತೆ. ಇದು ನಮ್ಮನೆಯವ್ರು. ಇದು ನಿಮ್ಮತ್ತೆ, ಪಾಪ, ಮೊನ್ನೆ ಮೊನ್ನೆ ಹೋಗ್ಬುಟ್ಳು." ನನ್ನ ಅತ್ತೆಯನ್ನು ನಾನು ನೋಡಿದ್ದು ಆ ಮೊಳೆಯ ರೂಪದಲ್ಲಿ ಮಾತ್ರ.

ಅಜ್ಜಿ ಮಲಗುತ್ತಿದ್ದದ್ದು ಅಡುಗೆಮನೆಯಲ್ಲಿ, ದೇವರ ಒಲೆಯ ಪಕ್ಕದ ಗೋಡೆಗೆ ಒರಗಿಕೊಂಡು. ಗೋಡೆಯ ಆಚೆ ಗರ್ಭಗುಡಿ. ಒಲೆ ಆರಿದ ಮೇಲೂ ಆ ಗೋಡೆ ಬಹಳ ಹೊತ್ತು ಬೆಚ್ಚಗಿರುತ್ತಿತ್ತು. ಮದುವೆಯಾಗಿ ಬಂದ ದಿನದಿಂದ ಅವಳು ಬೇರೆ ಕಡೆ ಬೆನ್ನು ಇಟ್ಟವಳಲ್ಲ. ಅಲ್ಲಿ ಗೋಡೆ ಅವಳ ಬೆನ್ನಿನ ಅಗಲಕ್ಕೆ ನುಣ್ಣಗಾಗಿತ್ತು.

ನಾನು ಬಂದ ವರ್ಷ, ಸುಗ್ಗಿಯ ಹೊತ್ತಿಗೆ, ಅಜ್ಜಿಗೆ ಚಳಿಜ್ವರ ಬಂತು. ಆಗ ಎಲ್ಲೋ ಯುದ್ಧ ನಡೆಯುತ್ತಿತ್ತು. ನಮಗೆ ಅದು ಗೊತ್ತಾಗುತ್ತಿದ್ದದ್ದು ಸೀಮೆಎಣ್ಣೆ ಸಿಗದಿದ್ದಾಗ. ಜ್ವರ ಏರಿ ಅವಳು ಏನೇನೋ ಮಾತಾಡತೊಡಗಿದಾಗ ಮಾವ ಕೆಲಮಂಗಲದಿಂದ ನಾಡಿ ನೋಡುವವನನ್ನು ಕರೆಸಿದರು. ಅವನು ಅಜ್ಜಿಯ ಕೈ ಹಿಡಿದು ಮಾಳಿಗೆ ನೋಡುತ್ತ ಕೂತ. ಅಷ್ಟು ಹೊತ್ತು ಅವನು ಏನು ನೋಡಿದನೋ, ಮಾಳಿಗೆಯಲ್ಲಿ ಜೇಡ ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಕೈ ಕೆಳಗಿಟ್ಟು, "ಹೊತ್ತು ಮುಳುಗಾಕೆ ಮುಂಚೆ," ಎಂದ. ಒಂದು ಲೋಟ ಮಜ್ಜಿಗೆ ಕುಡಿದು ಹೊರಟುಹೋದ.

ಮಾರನೆಯ ದಿನ ದೇವರಿಗೆ ಹೊಸ ರಾಗಿಯ ನೈವೇದ್ಯ. ಇಡೀ ಊರು ಅದಾದ ಮೇಲೆಯೇ ಹೊಸ ರಾಗಿ ಮುಟ್ಟುವುದು. ಅಂಥ ದಿನದ ಮುಂಚೆ ಒಳಗೆ ಸಾವಾದರೆ ಗತಿ ಏನು ಎಂದು ಮಾವನಿಗೆ ದಿಗಿಲು ಹತ್ತಿತು. ಇನ್ನೂ ಬಿಸಿಲು ನೆತ್ತಿಯ ಮೇಲಿರುವಾಗಲೇ ಹಲಗೆ ತರಿಸಿದರು. ನಾನು, "ಇನ್ನೂ ಉಸಿರು ಚೆನ್ನಾಗೈತೆ," ಎಂದು ನನ್ನ ಗಂಡನಿಗೆ ಹೇಳಿದೆ. ಅವರು ಅಪ್ಪನ ಮುಖ ನೋಡಿದರು. ಅಪ್ಪನ ಮುಖ ನೋಡುವುದರಲ್ಲೇ ಅವರ ಅರ್ಧ ಆಯುಸ್ಸು ಕಳೆಯಿತು. ಹಲಗೆಯ ಮೇಲೆ ಮಲಗಿಸಿ ಹೊರಮನೆಗೆ ಒಯ್ದರು. ಮಾವ ಬಾಯಿಗೆ ತುಳಸಿ ನೀರು ಬಿಟ್ಟು ಕಾಲು ಮುಟ್ಟಿ ನಮಸ್ಕಾರ ಮಾಡಿ ಬಂದು, ಹೊಸ್ತಿಲ ಮುಂದೆ ಕೂತು ಮೊಳೆ ಹೊಡೆದರು. ಸುತ್ತಿಗೆಯ ಸದ್ದಿಗೆ ಅಜ್ಜಿಗೆ ಎಚ್ಚರವಾಯಿತಂತೆ. ಅದನ್ನು ಅವಳೇ ಆಮೇಲೆ ನನಗೆ ಹೇಳಿದಳು.

ಹೊತ್ತು ಮುಳುಗಿತು. ಅಜ್ಜಿ ಸಾಯಲಿಲ್ಲ. ಬೆಳಿಗ್ಗೆ ಹೊಸ ರಾಗಿಯ ನೈವೇದ್ಯ ಆಯಿತು, ಊರವರು ಪ್ರಸಾದ ತಿಂದರು, ತಿಂದು ಹೊರಮನೆಯ ಬಾಗಿಲಲ್ಲಿ ಇಣುಕಿ ನೋಡಿ ಹೋದರು. ಎರಡು ದಿನ ಬಿಟ್ಟು ಜ್ವರ ಬೆವರಾಗಿ ಇಳಿಯಿತು. ಅಜ್ಜಿ ಎದ್ದು ಕೂತು, "ಒಂದಿಷ್ಟು ಅಂಬಲಿ ಕೊಡ್ರಿ," ಎಂದಳು. ಕುಡಿದ ಮೇಲೆ ಸೀರೆ ಒದರಿಕೊಂಡು ಮನೆಯ ಕಡೆ ನಡೆದು ಬಂದಳು. ಮಾವ ಬಾಗಿಲಲ್ಲಿ ನಿಂತಿದ್ದರು. ಅವರು ಕೆಳಗೆ ನೋಡಿದರು. ಅಜ್ಜಿಯೂ ನೋಡಿದಳು. ಮೊಳೆ ಹೊಳೆಯುತ್ತಿತ್ತು, ಹೊಸದಲ್ಲವೇ. ಅವಳು ಅಲ್ಲಿಂದಲೇ ತಿರುಗಿ ಹೊರಮನೆಗೆ ಹೋದಳು.

ಆ ಮೊಳೆ ಕಿತ್ತುಹಾಕಿದ್ದರೆ ಮುಗಿಯುತ್ತಿತ್ತು ಎಂದು ನೀವು ಅಂದುಕೊಳ್ಳಬಹುದು. ನಾನೂ ಅಂದುಕೊಂಡೆ. ಮಾವನ ಲೆಕ್ಕ ಬೇರೆ. ಒಂದು ಮೊಳೆ ಕಿತ್ತರೆ ಮರ ಸಡಿಲಾಗಿ ಪಕ್ಕದ್ದೂ ಅಲುಗುತ್ತದೆ, ಆಮೇಲೆ ಹೋದವರೆಲ್ಲ ಸಾಲಾಗಿ ಒಳಗೆ ಬಂದರೆ ತಡೆಯುವವರು ಯಾರು? ಅಷ್ಟು ಹೊತ್ತಿಗೆ ನಾನು ಬಸುರಿ. ತವರಿಗೆ ಹೋಗಿ ಹೆಣ್ಣುಮಗು ಹೆತ್ತು ತಂದ ಮೇಲಂತೂ ಅವರ ಬಾಯಲ್ಲಿ ಒಂದೇ ಮಾತು, "ಮನೇಲಿ ಎಳೇದೈತೆ." ಅವರಿಗೆ ತಮ್ಮ ತಾಯಿಯೂ ಬದುಕಿರಬೇಕು, ಮಗುವೂ ಬದುಕಿರಬೇಕು, ಕಟ್ಟೂ ಮುರಿಯಬಾರದು. ಅದಕ್ಕೆ ಅಜ್ಜಿ ಹೊರಗೆ. ಹಗಲಿಡೀ ನನಗೆ ಅವರ ಮೇಲೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತಿತ್ತು. ಹೇಳುವ ಹಾಗಿಲ್ಲ, ಮಾವನೆದುರು ಸೊಸೆ ಮಾತಾಡುವ ಕಾಲವಲ್ಲ ಅದು. ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದೆ.

ಒಂದು ಮಾತು ಹೇಳಬೇಕು. ತಾಯಿಯ ತಟ್ಟೆಯನ್ನು ಅವರು ನನ್ನ ಕೈಗೆ ಕೊಡುತ್ತಿರಲಿಲ್ಲ. ದೇವರ ನೈವೇದ್ಯ ಮುಗಿಸಿ, ಅದರಲ್ಲೇ ಒಂದು ಪಾಲು ತೆಗೆದುಕೊಂಡು ತಾವೇ ಹೊರಮನೆಗೆ ಹೋಗುತ್ತಿದ್ದರು. ಅವಳು ಉಣ್ಣುವವರೆಗೆ ಬಾಗಿಲ ಹೊರಗೆ ಕಲ್ಲಿನ ಮೇಲೆ ಬೆನ್ನು ಹಾಕಿ ಕೂತಿರುತ್ತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ. ತಟ್ಟೆ ಹಿಡಿದು ವಾಪಸು ಬರುವಾಗ ಅವರು ನೆಲ ನೋಡಿಕೊಂಡು ಬರುತ್ತಿದ್ದರು, ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬರುತ್ತಿತ್ತು.

ತಿಂಗಳಿಗೆ ಮೂರು ದಿನ ನಾನೂ ಹೊರಮನೆ ಸೇರುತ್ತಿದ್ದೆನಲ್ಲ, ಅದು ನಮ್ಮಿಬ್ಬರ ಹಬ್ಬ. ಅಜ್ಜಿ ನನ್ನ ದಿನಗಳನ್ನು ನನಗಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಿದ್ದಳು. ಒಂದು ದಿನ ತಡವಾದರೆ ಅಂಗಳದಾಚೆಯಿಂದ, "ಏನವ್ವ, ಈ ತಿಂಗ್ಳು ಬರಾದಿಲ್ವಾ?" ಎಂದು ಕೂಗುವಳು, ಊರಿಗೆಲ್ಲ ಕೇಳುವ ಹಾಗೆ. ನನಗೆ ಮೈ ಹಿಡಿಯಾಗುತ್ತಿತ್ತು. ಅವಳು ತಲೆ ಬಾಚುತ್ತಿದ್ದಳು, ಹೇನು ಕುಕ್ಕುತ್ತಿದ್ದಳು, ನನ್ನ ಅಡುಗೆಯ ತಪ್ಪುಗಳನ್ನು ಒಂದೊಂದಾಗಿ ಎತ್ತಿ ಹೇಳುತ್ತಿದ್ದಳು. "ಸತ್ತೋಳಿಗೆ ಇಷ್ಟೊಂದು ಉಪ್ಪು ಯಾಕೆ ಹಾಕ್ತೀಯವ್ವ?" ಎನ್ನುವಳು. ನಾನು ಅಳು ಬಂದವಳ ಹಾಗೆ ಮುಖ ಮಾಡಿದರೆ, "ಲೇ, ನಾನೇ ಅಳ್ತಿಲ್ಲ, ನಿಂದೇನು," ಎಂದು ತಲೆಗೆ ಮೊಟಕುವಳು.

ಒಂದು ದಿನ ಮಾತ್ರ ಹುಡುಗಾಟವಿಲ್ಲದೆ ಹೇಳಿದಳು. ಚಳಿಗಾಲ. ಹೊರಮನೆಯ ಗೋಡೆ ತಣ್ಣಗೆ ಕೊರೆಯುತ್ತಿತ್ತು, ಅವಳು ಬೆನ್ನಿಗೆ ಗೋಣಿಚೀಲ ಇಟ್ಟುಕೊಂಡಿದ್ದಳು. "ನಂಗೆ ಇನ್ನ ಬದುಕ್ಬೇಕು ಅಂತ ಆಸೆ ಇಲ್ಲ ಕಣವ್ವ. ಆ ಗೋಡೆಗೆ ಒರಿಕ್ಕೊಂಡು ಸಾಯ್ಬೇಕು. ಅಷ್ಟೇಯ. ಇಲ್ಲಿ ಸಾಯಾಕೆ ನಂಗೆ ಇಷ್ಟ ಇಲ್ಲ, ಅದ್ಕೇ ಬದುಕಿವ್ನಿ." ನಾನು ಗೋಣಿಚೀಲವನ್ನು ಸರಿ ಮಾಡಿ ಕೊಟ್ಟೆ.

ಹೀಗೆ ಎರಡು ಮಳೆಗಾಲ ಹೋದವು. ಆ ನಡುವೆ ಅಮ್ಮ, ಅಂದರೆ ಸಿಡುಬು, ಬರದಿರಲಿ ಎಂದು ಕೈಗೆ ಚುಚ್ಚುವವನೊಬ್ಬ ಬಂದಿದ್ದ, ಸೇಲಂ ಕಡೆಯ ತಮಿಳಿನವನು. ಮನೆಯವರನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಚುಚ್ಚಿದ. ಮನೆಯಲ್ಲಿ ಇನ್ನೂ ಯಾರಾದರೂ ಇದ್ದಾರೆಯೇ ಎಂದು ಅವನು ತಮಿಳಿನಲ್ಲಿ ಕೇಳಿದ್ದಕ್ಕೆ ಮಾವ ಇಲ್ಲವೆಂದರು. ಸುಳ್ಳು ಹೇಳಿದವರಲ್ಲ ಅವರು, ಅದೂ ಸುಳ್ಳಲ್ಲ. ಅಷ್ಟರಲ್ಲಿ ಹೊರಮನೆಯ ಕಿಟಕಿಯಿಂದ ಒಂದು ಒಣಗಿದ ತೋಳು ಹೊರಗೆ ಬಂತು. "ವೀಟ್ಲ ಇಲ್ಲೆ ಸಾಮಿ, ವೆಳಿಯಿಲ ಇರುಕ್ಕೇನ್," ಎಂದಳು ಅಜ್ಜಿ, ಮನೆಯಲ್ಲಿಲ್ಲ, ಹೊರಗಿದ್ದೇನೆ ಅಂತ. ಅವನು ಏನೂ ಅರ್ಥವಾಗದೆ ಚುಚ್ಚಿ ಹೋದ. ಮಾವ ಆ ದಿನ ಊಟ ಮಾಡಲಿಲ್ಲ.

ಮೂರನೆಯ ಸುಗ್ಗಿಯಲ್ಲಿ ಆನೆ ಬಂತು. ಬರುವುದು ಹೊಸದಲ್ಲ, ರಾಗಿ ಕೊಯ್ಲಾದರೆ ಜವಳಗಿರಿ ಕಡೆಯಿಂದ ಅವು ಬಂದೇ ಬರುತ್ತಿದ್ದವು. ಊರಾಚೆ ಕಣದಲ್ಲಿ ತಿಂದು ಹೋಗುತ್ತಿದ್ದವು. ಈ ಒಂಟಿ ಸಲಗ ಮಾತ್ರ ದೀಪ ಹಚ್ಚುವ ಹೊತ್ತಿಗೆ ನೇರವಾಗಿ ಊರೊಳಕ್ಕೆ ಬಂತು. ಕಲ್ಲಿನ ತಳಪಾಯ ಅಂತ ಅಕ್ಕಪಕ್ಕದವರೆಲ್ಲ ಮಕ್ಕಳನ್ನು ಎತ್ತಿಕೊಂಡು ನಮ್ಮ ಮನೆಗೆ ನುಗ್ಗಿದರು. ನಾನು ಮಗುವಿನ ಬಾಯಿ ಮುಚ್ಚಿ ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಆನೆ ಅಂಗಳದಾಚೆ ಮೆದೆಯ ಹತ್ತಿರ ನಿಂತು, ಹುಲ್ಲು ಎಳೆದು ಎಳೆದು, ಆಮೇಲೆ ಮೆದೆಗಿಂತ ಹತ್ತಿರ ಸಿಕ್ಕಿತೆಂದು ಹೊರಮನೆಯ ಮಾಡಿನ ಹುಲ್ಲಿಗೆ ಸೊಂಡಿಲು ಹಾಕಿತು.

ಹೊರಮನೆಯ ಬಾಗಿಲು ತೆರೆದಿತ್ತು. ಅಜ್ಜಿ ಒಳಗೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಅವಳ ಬಾಗಿಲಿಂದ ನಮ್ಮ ಬಾಗಿಲಿಗೆ ಒಂದು ಮಗು ಓಡಿ ಬರುವಷ್ಟು ದೂರ, ಆನೆ ಇನ್ನೂ ಆ ಕಡೆಯ ಮೂಲೆಯಲ್ಲಿತ್ತು. ಮಾವ ಹೊಸ್ತಿಲ ಒಳಗೆ ನಿಂತು, "ಅವ್ವ, ಬಾ ಒಳಕ್ಕೆ," ಎಂದರು. ಎರಡು ವರ್ಷದಲ್ಲಿ ಅವರು ತಾಯಿಯೊಂದಿಗೆ ಆಡಿದ ಮೊದಲ ಮಾತು.

ಅಜ್ಜಿ ತಲೆಯೆತ್ತಲಿಲ್ಲ. "ಮೊಳೆ ಹೊಡ್ದಿದ್ದೀಯಲ್ಲಪ್ಪ," ಎಂದಳು.

"ಈಗ ಅದ್ಯಾಕವ್ವ, ಬಾ."

"ಮನೇಲಿ ಎಳೇದೈತೆ ಕಣ್ಲಾ."

ಅವಳು ಅದನ್ನು ಕೊಂಕಿನಿಂದ ಹೇಳಿದಳೋ ನಿಜವಾಗಿ ಮಗುವಿಗಾಗಿ ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡೂ ಇರಬಹುದು. ಮಾಡಿನ ಬಿದಿರುಗಳು ಮುರಿದವು. ಗೋಡೆಯ ಒಂದು ಪಕ್ಕ ಧೂಳೆಬ್ಬಿಸಿ ಕುಸಿಯಿತು. ಆನೆ ಸೊಂಡಿಲನ್ನು ಒಳಗೆ ಇಳಿಬಿಟ್ಟು ಅವರೆಕಾಯಿಯ ಕುಕ್ಕೆಯನ್ನು ಎತ್ತಿತು. ಅಜ್ಜಿ ಅದಕ್ಕೆ, "ಸಿಪ್ಪೆ ಬ್ಯಾರೆ, ಕಾಳು ಬ್ಯಾರೆ ಮಾಡಿವ್ನಿ, ನೋಡ್ಕೊಂಡು ತಿನ್ನು," ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅದು ನೋಡಿಕೊಂಡು ತಿನ್ನಲಿಲ್ಲ, ಕುಕ್ಕೆಯನ್ನೂ ತಿಂದಿತು. ಅಷ್ಟರಲ್ಲಿ ಊರ ಗಂಡಸರು ತಮಟೆ ಬಡಿದು ಪಂಜು ಹಿಡಿದು ಬಂದರು. ಆನೆ ಅವರನ್ನು ಒಂದು ಸಲ ನೋಡಿ, ಏನೂ ಅವಸರವಿಲ್ಲದೆ ಬಂದ ದಾರಿ ಹಿಡಿಯಿತು.

ಧೂಳು ಕೂತ ಮೇಲೆ ನೋಡಿದರೆ ಉಳಿದ ಗೋಡೆಗೆ ಒರಗಿ ಅಜ್ಜಿ ಹಾಗೆಯೇ ಕೂತಿದ್ದಳು, ತಲೆ ತುಂಬ ಹುಲ್ಲು. ನಾನು ಮಗುವನ್ನು ಗಂಡನ ಕೈಗೆ ತುರುಕಿ ಮಾವನ ಎದುರಿಗೆ ಹೋಗಿ ನಿಂತೆ. ಮನೆ ತುಂಬ ಜನ. "ನೀವು ಹೊಡೆದ ಮೊಳೆ. ಕೀಳ್ತೀರೋ ಇಲ್ಲ ನಾನೂ ಮಗೀನ ಎತ್ಕೊಂಡು ಅಲ್ಲೇ ಹೋಗಿ ಕೂತ್ಕೊಳ್ಲೋ, ಹೇಳ್ಬುಡಿ," ಎಂದೆ. ಮಾವ ನನ್ನನ್ನು ಬೈಯಲಿಲ್ಲ. ಕೂತು ಹೊಸ್ತಿಲ ಮೇಲೆ ಕೈಯಾಡಿಸಿದರು. ಬಹಳ ಹೊತ್ತು ಆಡಿಸಿದರು. ಆಮೇಲೆ ಎದ್ದು, "ಇದ್ಕೆ ಗೆದ್ಲು ಹಿಡಿದೈತೆ," ಎಂದರು.

ಬೆಳಗಾಗುತ್ತಲೇ ಆಚಾರಿ ಬಂದ. ತೆಲುಗಿನವನು, ಊರಿನ ಬಾಗಿಲುಗಳೆಲ್ಲ ಅವನಪ್ಪನ ಕೈಯಲ್ಲಿ ಆದವು. ಉಳಿಯಿಂದ ಹೊಸ್ತಿಲನ್ನು ಕುಕ್ಕಿ ನೋಡಿ, "ಚೆದಲು ಎಕ್ಕಡ ಸಾಮೀ? ಗೆದ್ಲೂ ಇಲ್ಲ ಏನೂ ಇಲ್ಲ, ಕಲ್ಲಿದ್ದಂಗೈತೆ," ಎಂದ.

"ಐತೆ. ನಿಂಗೆ ಕಾಣ್ಸಲ್ಲ," ಎಂದರು ಮಾವ.

ಊರ ಗೌಡರು ಬಂದು ಕೇಳಿದರು, ಗೆದ್ದಲು ಎಂದರು. ಗುಡಿಗೆ ಬಂದವರು ಕೇಳಿದರು, ಗೆದ್ದಲು ಎಂದರು. ಅಷ್ಟು ಸಲ ಹೇಳಿದ ಮೇಲೆ ಕೆಲವರಿಗೆ ಗೆದ್ದಲು ಕಾಣಿಸತೊಡಗಿತು. "ಹೂಂ, ನಾನೂ ಹೋದ್ವರ್ಷ ನೋಡಿದ್ದೆ," ಎಂದು ಒಬ್ಬ ಹೇಳಿದ. ಹಳೆಯ ಹೊಸ್ತಿಲನ್ನು ಮೊಳೆಗಳ ಸಮೇತ ಬಿಚ್ಚಿ ಅಂಗಳದಲ್ಲಿಟ್ಟರು. ಹೊನ್ನೆ ಮರದ್ದು ಹೊಸದು ಕೂರಿಸುವವರೆಗೆ ಬಾಗಿಲು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಅರಿಸಿನ ಕುಂಕುಮ ಹಚ್ಚಿ, ಪೂಜೆ ಮಾಡಿ, ಮಾವ ಅಂಗಳಕ್ಕೆ ಇಳಿದು ಹೋದರು. ಅಜ್ಜಿ ಮುರಿದ ಗೋಡೆಯ ಪಕ್ಕ ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು.

"ಅವ್ವ, ಇದು ಹೊಸ ಹೊಸ್ಲು. ಇದನ್ನ ಯಾರೂ ದಾಟಿಲ್ಲ. ನೀನೇ ಮೊದ್ಲು ದಾಟ್ಬೇಕು."

ಅಜ್ಜಿ ಅವರನ್ನು ನೋಡಿದಳು, ಅಂಗಳದಲ್ಲಿ ಬಿದ್ದಿದ್ದ ಹಳೆಯ ಮರವನ್ನು ನೋಡಿದಳು. "ಇವ್ರೆಲ್ಲ?" ಎಂದಳು. ಅವಳ ಗಂಡ, ಅತ್ತೆ, ಮಾವ, ಸೊಸೆ ಎಲ್ಲ ಅದರಲ್ಲೇ ಇದ್ದರಲ್ಲ. "ಬಂದ್ರೆ ಬರ್ಲಿ ಬುಡು, ಜಾಗ ಐತೆ," ಎಂದು ಅವಳೇ ಹೇಳಿ ಕೈ ಚಾಚಿದಳು. ಮಾವ ಎಬ್ಬಿಸಿದರು. ಹೊಸ್ತಿಲಿಗೆ ನಮಸ್ಕಾರ ಮಾಡಿ ದಾಟಿ, ನೇರ ಅಡುಗೆಮನೆಗೆ ಹೋಗಿ, ತನ್ನ ಜಾಗದಲ್ಲಿ ನಾನಿಟ್ಟಿದ್ದ ಉಪ್ಪಿನಕಾಯಿ ಜಾಡಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಕಣ್ಣು ಮುಚ್ಚಿಕೊಂಡಳು. ನಾನು ಒಲೆಯ ಕಡೆ ತಿರುಗಿ ಚೆನ್ನಾಗಿ ಅತ್ತೆ, ಹೊಗೆ ಇದ್ದದ್ದರಿಂದ ಯಾರೂ ಕೇಳಲಿಲ್ಲ.

ಸಾವು ಅವಳ ಹಿಂದೆ ಒಳಗೆ ಬರಲಿಲ್ಲ. ಬಂದದ್ದು ಅವಳ ಬಾಯಿ. ನನ್ನ ಉಪ್ಪು, ನನ್ನ ಹೊಗೆ, ನನ್ನ ಮಗಳ ಜಡೆ, ಯಾವುದನ್ನೂ ಬಿಡದೆ ಹಿಡಿದಳು. ಹೊರಮನೆಗೆ ಹೊಸ ಮಾಡು ಹಾಕಿಸಿ, ಹಳೆಯ ಹೊಸ್ತಿಲನ್ನು ಅಲ್ಲಿ ಕೂರಲು ಹಾಕಿದರು. ಮೂರು ದಿನ ಹೊರಗಿದ್ದಾಗ ನಾನು ಅದರ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದೆ. ಹಿರಿಯರ ಮೇಲೆ ಕೂತಿದ್ದೀಯ ಎಂದು ಅಜ್ಜಿ ಅಡುಗೆಮನೆಯ ಕಿಟಕಿಯಿಂದ ಕೂಗುತ್ತಿದ್ದಳು.

ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ ಅವಳು ಹಾಸಿಗೆ ಹಿಡಿದಳು. ಈ ಸಲ ಜ್ವರವಲ್ಲ, ಮುಪ್ಪು. ಮೊದಲು ಊಟ ಬಿಟ್ಟಳು, ಆಮೇಲೆ ಮಾತು ಬಿಟ್ಟಳು. ಮಾತು ಬಿಟ್ಟಾಗ ನನಗೆ ಗೊತ್ತಾಯಿತು. ಮಾವ ನಾಡಿ ನೋಡುವವನನ್ನು ಕರೆಸಲಿಲ್ಲ. ತಾವೇ ಅಜ್ಜಿಯ ಪಕ್ಕದಲ್ಲಿ ಅವಳ ಮಣಿಕಟ್ಟು ಹಿಡಿದು ಕೂತರು. ಬೆಳಗಿನ ಪೂಜೆಗೆ ಮಗನನ್ನು ಕಳಿಸಿದರು, ಅದೂ ಆ ಮನೆಯಲ್ಲಿ ಹೊಸದು.

ಮಧ್ಯಾಹ್ನದ ಹೊತ್ತಿಗೆ ಊರ ಹಿರಿಯರು ಜಗಲಿಯಲ್ಲಿ ಸೇರಿದರು. ಗೌಡರು ಬಾಗಿಲಲ್ಲಿ ತಲೆಹಾಕಿ, "ಪೂಜಾರಪ್ಪ, ಹೊರಕ್ಕೆ ಎತ್ಬುಡಾನ?" ಎಂದರು.

"ಇನ್ನೂ ಹೊತ್ತೈತೆ," ಎಂದರು ಮಾವ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ಇನ್ನೂ ಹೊತ್ತೈತೆ. ಹಲಗೆ ತಂದು ಗೋಡೆಗೆ ಒರಗಿಸಿದರು. ಮಾವ ಆ ಕಡೆ ನೋಡಲಿಲ್ಲ. ನಾನು ಎದುರಿಗೇ ಕೂತಿದ್ದೆ. ಅಜ್ಜಿಯ ಎದೆ ಏರುತ್ತಿತ್ತು, ಇಳಿಯುತ್ತಿತ್ತು, ಆಮೇಲೆ ಏರಲಿಲ್ಲ. ಮಾವನಿಗೂ ಗೊತ್ತಾಯಿತು, ಅವರ ಬೆರಳು ಮಣಿಕಟ್ಟಿನ ಮೇಲೆ ಒಂದು ಸಲ ಅಲುಗಿತು. ಹೊರಗಿನಿಂದ ಮತ್ತೆ ಯಾರೋ ಕೇಳಿದರು. ಅವರು ತಾಯಿಯ ಮುಖ ನೋಡಿಕೊಂಡೇ, "ಇನ್ನೂ ಹೊತ್ತೈತೆ," ಎಂದರು. ದನಿ ಸ್ವಲ್ಪವೂ ಬದಲಾಗಲಿಲ್ಲ. ಆಮೇಲೆ ಬಗ್ಗಿ ಅವಳ ಕಿವಿಯ ಹತ್ತಿರ, "ಹೋದ್ಸಲ ಅವಸ್ರ ಬಿದ್ಬುಟ್ಟೆ ಕಣವ್ವ," ಎಂದರು. ಅದು ನನಗೆ ಮಾತ್ರ ಕೇಳಿಸಿತು.

ಅವಳ ಕೈ ಪೂರ್ತಿ ತಣ್ಣಗಾದ ಮೇಲೆ ಎದ್ದು ಜಗಲಿಗೆ ಹೋಗಿ, "ಆಯ್ತು," ಎಂದರು.

"ಒಳಗೇನಾ?" ಎಂದರು ಗೌಡರು.

"ಒಳಗೇಯ."

ಮುಂದೆ ಮಾಡಬೇಕಾದದ್ದೆಲ್ಲ ಮಾವನಿಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು. ಹೆಣ ಎತ್ತಿ, ಗುಂಡಿಗಿಟ್ಟು, ಮಿಂದು ಬಂದ ಮೇಲೆ ಅವರೇ ಗುದ್ದಲಿ ಹಿಡಿದು ದೇವರ ಒಲೆ ಒಡೆದರು. ಮಡಕೆಗಳನ್ನು ಒಂದೊಂದಾಗಿ ಹೊರಗಿಟ್ಟು ಒಡೆದರು. ಪೂಜೆಗೆ ಗುಮ್ಮಳಾಪುರದಿಂದ ಒಬ್ಬರು ಬರುವಂತೆ ಹೇಳಿಕಳಿಸಿದರು. ಇಡೀ ಆಯುಸ್ಸು ಯಾವುದು ಆಗಬಾರದು ಎಂದು ಕಾದಿದ್ದರೋ ಅದನ್ನೆಲ್ಲ ಕೂತು ಒಂದೂ ಬಿಡದೆ ಮಾಡಿದರು. ಆಚಾರಿ ಒಂದು ಮೊಳೆ, ಒಂದು ಸುತ್ತಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮಾವ ಮೊಳೆ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿದರು. ಸುತ್ತಿಗೆಯನ್ನು ಅವನಿಗೇ ಕೊಟ್ಟರು. ನನ್ನ ಕಡೆ ತಿರುಗಿ, "ಬಾಗ್ಲು ಹಾಕ್ಬ್ಯಾಡವ್ವ," ಎಂದರು.

ಹಾಕಲಿಲ್ಲ. ಬೆಳಿಗ್ಗೆ ನಾನೆದ್ದು ಅಡುಗೆಮನೆಗೆ ಹೋದರೆ ಬೀದಿನಾಯಿಯೊಂದು ಒಳಗೆ ಬಂದು ಅಜ್ಜಿಯ ಜಾಗದಲ್ಲಿ ಗೋಡೆಗೆ ಬೆನ್ನು ಹಾಕಿ ಮಲಗಿತ್ತು. ಆ ಮನೆಯ ಹೊಸ್ತಿಲನ್ನು ನಾಯಿ ಮೂಸಿದರೂ ಮಾವ ನೀರು ಹಾಕಿ ತೊಳೆಯುತ್ತಿದ್ದವರು. ಅವರು ಎದ್ದು ಬರುವುದರೊಳಗೆ ಓಡಿಸೋಣವೆಂದು ಪೊರಕೆ ಎತ್ತಿದೆ. ಹಿಂದೆ ತಿರುಗಿದರೆ ಅವರು ಆಗಲೇ ಬಂದು ನಿಂತಿದ್ದರು.

"ಮನಿಕ್ಕೊಳ್ಲಿ ಬುಡು," ಎಂದು ಹೇಳಿ, ಮುಖ ತೊಳೆಯಲು ಹೋದರು.